ಪೋಲಿಯೊ ಕಾಲಿನವರಿಗೆ ಸೊಂಟದ ಆಪರೇಷನ್: ಹೂಂ ಅನ್ನುವ ಮುನ್ನ

ಚಿಕ್ಕಂದಿನಲ್ಲಿ ಪೋಲಿಯೊ ಬಂದು ಒಂದು ಕಾಲು ಸಣ್ಣಗಾದ ಅಕ್ಕ, ಅತ್ತಿಗೆ ಅಥವಾ ನಾದಿನಿ ನಿಮ್ಮ ಮನೆಯಲ್ಲಿದ್ದಾರಾ? ಅಥವಾ ಅವರು ನೀವೇನಾ? ಹಾಗಿದ್ದರೆ ಒಲೆ ಸಣ್ಣ ಮಾಡಿ, ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ.

ಪೋಲಿಯೊ ಹೋಯಿತಲ್ಲ, ಈಗ್ಯಾಕೆ ಅದರ ಮಾತು ಅಂತೀರಾ? ನಿಜ. ನಮ್ಮಲ್ಲಿ ಪಲ್ಸ್ ಪೋಲಿಯೊ ಹನಿ ಶುರುವಾಗಿದ್ದು 1995ರಲ್ಲಿ. ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ದೇಶದಲ್ಲಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಅದಕ್ಕೂ ಮೊದಲು ಪೋಲಿಯೊಗೆ ಸಿಕ್ಕಿದ ಮಕ್ಕಳು ಈಗ ನಲವತ್ತು, ಐವತ್ತು, ಅರವತ್ತರ ವಯಸ್ಸಿನವರು. ಹೊಸಪೇಟೆ, ಕಂಪ್ಲಿ, ಸಂಡೂರಿನ ಮನೆಗಳಲ್ಲಿ ಅಡುಗೆ ಮಾಡಿ, ಮಕ್ಕಳನ್ನು ಬೆಳೆಸಿ, ಜಂಬುನಾಥನ ಗುಡ್ಡದ ಮೆಟ್ಟಿಲನ್ನೂ ಹತ್ತಿದವರು. ಅವರ ಸೊಂಟದ ಕೀಲು ಈಗ ನೋಯತೊಡಗಿದೆ. "ಇಷ್ಟು ವರ್ಷ ಹಿಂಗೇ ನಡೆದೀನಿ, ಬಿಡ್ರೀ" ಎಂದು ಸುಮ್ಮನಾಗುವವರೇ ಜಾಸ್ತಿ.

ನೋಯುವುದು ಯಾವ ಕಾಲು?

ಪೋಲಿಯೊ ಸ್ನಾಯುವಿನ ಬಲ ಕಸಿಯುತ್ತದೆಯೇ ಹೊರತು ಸ್ಪರ್ಶವನ್ನಲ್ಲ. ಹಾಗಾಗಿ ಸೊರಗಿದ ಕಾಲಿಗೂ ನೋವು ಗೊತ್ತಾಗುತ್ತದೆ. ಆದರೆ ಬಹಳ ಸಲ ಮೊದಲು ಸವೆಯುವುದು 'ಒಳ್ಳೆಯ' ಕಾಲಿನ ಕೀಲು. ಯಾಕೆ ಗೊತ್ತಾ? ಎರಡು ಕಾಲಿನ ಭಾರವನ್ನು ಇಷ್ಟು ವರ್ಷ ಹೊತ್ತದ್ದು ಅದೇ. ಒಂದು ಕಾಲು ಗಿಡ್ಡವಾದಾಗ ಸೊಂಟ ಓರೆಯಾಗಿ, ಉದ್ದನೆಯ ಕಾಲಿನ ಕೀಲಿನ ಒಂದೇ ಕಡೆ ಒತ್ತಡ ಬೀಳುತ್ತದೆ.

ಇನ್ನು ಪೋಲಿಯೊ ಕಾಲಿನ ಕಥೆಯೇ ಬೇರೆ. ಬೆಳೆಯುವ ವಯಸ್ಸಿನಲ್ಲಿ ಸ್ನಾಯು ಎಳೆಯದೇ ಹೋದದ್ದರಿಂದ ಕೀಲಿನ ಬಟ್ಟಲು ಆಳವಾಗಿರುವುದಿಲ್ಲ, ಮೂಳೆ ತೆಳ್ಳಗೆ, ಟೊಳ್ಳಾಗಿರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದರೂ ಸೊಂಟದ ಮೂಳೆ ಮುರಿಯುವುದು ಅದಕ್ಕೇ. ಮುಟ್ಟು ನಿಂತ ಮೇಲಂತೂ ಇನ್ನಷ್ಟು ಎಚ್ಚರ ಬೇಕು.

ಒಂದು ಮಾತು ನೆನಪಿಡಿ. ಸೊಂಟದ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ, ಕೆಲವರಿಗೆ ಮೊಣಕಾಲಲ್ಲಿ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ವರ್ಷ ಕಳೆಯಬೇಡಿ. ಎಕ್ಸ್‌ರೇ ತೆಗೆಸಿ.

ನೋವು ಹೋಗುತ್ತೆ, ಬಲ ಬರೋದಿಲ್ಲ

ಇಂದಿನ ಮಾದರಿಯ ಸೊಂಟದ ಕೀಲು ಬದಲಾವಣೆಯನ್ನು 1962ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿ ರೂಢಿಗೆ ತಂದರು. ಸವೆದ ಗುಂಡು, ಬಟ್ಟಲು ತೆಗೆದು ಕೃತಕವಾದವನ್ನು ಕೂರಿಸುತ್ತಾರೆ. ಪೋಲಿಯೊ ಬಂದವರಿಗೂ ಇದನ್ನು ಮಾಡುತ್ತಾರೆ, ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ಹೊಸ ಕೀಲನ್ನು ಜಾರದಂತೆ ಹಿಡಿದಿಡುವುದು ಸುತ್ತಲಿನ ಸ್ನಾಯು, ಅದರಲ್ಲೂ ಪಿರ್ರೆಯ ಪಕ್ಕದ ಸ್ನಾಯು. ಪೋಲಿಯೊ ಕಾಲಲ್ಲಿ ಅದೇ ಸೋತಿರುತ್ತದೆ. ಅದಕ್ಕೇ ಇಂಥವರಲ್ಲಿ ಕೀಲು ಜಾರುವ ಭಯ ಹೆಚ್ಚು. ಸುಲಭಕ್ಕೆ ಜಾರದ 'ಡ್ಯುಯಲ್ ಮೊಬಿಲಿಟಿ' ಬಟ್ಟಲುಗಳು ಈಗ ಬಂದಿವೆ. ಅದು ನಿಮಗೆ ಹೊಂದುತ್ತದಾ ಎಂದು ಕೇಳಲು ಹಿಂಜರಿಯಬೇಡಿ.

ಆಪರೇಷನ್ ಆದರೆ ಕುಂಟುವುದು ನಿಲ್ಲುತ್ತದೆ ಎಂಬ ಆಸೆ ಬೇಡ. ಸ್ನಾಯುವಿನ ನರಕ್ಕೆ ಆದ ಪೆಟ್ಟನ್ನು ಕೀಲು ಸರಿಮಾಡಲಾರದು.

ಕಾಲು ಸರಿಸಮ ಆಗಬೇಕಾ?

"ಹೆಂಗೂ ಕೊಯ್ತೀರಿ, ಕಾಲು ಉದ್ದ ಮಾಡಿಬಿಡಿ ಡಾಕ್ಟ್ರೇ" ಎಂದು ಮನೆಯವರು ಕೇಳುವುದುಂಟು. ಪೂರ್ತಿ ಸರಿಸಮ ಮಾಡಲು ಹೋದರೆ ಕಾಲಿನ ದೊಡ್ಡ ನರ ಜಗ್ಗಿ ಪಾದ ಸೋಲಬಹುದು. ಇನ್ನೊಂದು ಗುಟ್ಟೂ ಇದೆ. ಮೊಣಕಾಲು ಮಡಚದೆ ಕಾಲು ಬೀಸಿ ನಡೆಯುವವರಿಗೆ ಆ ಕಾಲು ತುಸು ಗಿಡ್ಡ ಇದ್ದರೇ ನೆಲಕ್ಕೆ ತಾಗದೆ ಮುಂದೆ ಹೋಗುತ್ತದೆ. ಉಳಿದ ವ್ಯತ್ಯಾಸಕ್ಕೆ ಚಪ್ಪಲಿಯ ಅಟ್ಟೆ ಎತ್ತರಿಸಿದರೆ ಸಾಕು.

ಡಾಕ್ಟರಿಗೆ ಹೇಳಿ, ಕೇಳಿ

* ಪೋಲಿಯೊ ಬಂದಿತ್ತು ಎಂಬುದನ್ನು ಮೂಳೆ ಡಾಕ್ಟರಿಗಷ್ಟೇ ಅಲ್ಲ, ಅರಿವಳಿಕೆ ಡಾಕ್ಟರಿಗೂ ಹೇಳಿ. ಇಂಥವರಿಗೆ ಕೆಲವು ಔಷಧಿಗಳ ಪ್ರಭಾವ ಹೆಚ್ಚಾಗಬಹುದು. ಚಳಿ ತಡೆಯದಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

* ನೀವು ಹಾಕುವ ಕ್ಯಾಲಿಪರ್, ಬೂಟು ಜೊತೆಗೇ ಒಯ್ಯಿರಿ. ನಡೆದು ತೋರಿಸಿ. ತೊಡೆಗೆ ಕೈಯೊತ್ತಿ ನಡೆಯುವ ಅಭ್ಯಾಸವಿದ್ದರೆ ಹೇಳಿ.

* ಎಲ್ಲಕ್ಕಿಂತ ಮುಖ್ಯ: ಒಳ್ಳೆಯ ಕಾಲಿಗೆ ಆಪರೇಷನ್ ಆದರೆ, ಆಮೇಲಿನ ವಾರಗಳಲ್ಲಿ ನಿಲ್ಲುವುದು ಯಾವ ಕಾಲ ಮೇಲೆ? ಊರುಗೋಲಿಗೆ ತೋಳಿನಲ್ಲಿ ಬಲ ಇದೆಯಾ? ಮೊದಲೇ ಫಿಸಿಯೊಥೆರಪಿಸ್ಟ್ ಹತ್ತಿರ ಪರೀಕ್ಷಿಸಿಕೊಳ್ಳಿ.

* ಇಂಥ ಕಾಲಿಗೆ ಮೊದಲು ಆಪರೇಷನ್ ಮಾಡಿದ್ದೀರಾ ಎಂದು ಧೈರ್ಯವಾಗಿ ಕೇಳಿ. ಹೊಸಪೇಟೆಯವರಿಗೆ ಸುಮಾರು 60 ಕಿ.ಮೀ. ದೂರದ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಬೇಕಾದರೆ ಹುಬ್ಬಳ್ಳಿ, ಬೆಂಗಳೂರಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ.

* ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ.

ಮನೆಗೆ ಬಂದ ಮೇಲೆ

ಚಕ್ಕಳಮಕ್ಕಳ ಕೂರುವುದು, ಮಣೆ, ಈಳಿಗೆಮಣೆ, ಕುಕ್ಕರಗಾಲಿನ ಸಂಡಾಸು ಇವೆಲ್ಲ ಡಾಕ್ಟರು ಒಪ್ಪುವ ತನಕ ಬೇಡ. ಎತ್ತರದ ಕುರ್ಚಿ, ಕಮೋಡು, ಬಚ್ಚಲಲ್ಲಿ ಹಿಡಿಕೆ, ಇವನ್ನು ಆಸ್ಪತ್ರೆಗೆ ಹೋಗುವ ಮುಂಚೆಯೇ ಮಾಡಿಸಿಡಿ. ಕಾಲಿನ ಉದ್ದ ಬದಲಾಗಿರುವುದರಿಂದ ಕ್ಯಾಲಿಪರ್, ಬೂಟು ಮತ್ತೆ ಅಳತೆ ಕೊಟ್ಟು ಮಾಡಿಸಬೇಕಾಗಬಹುದು.

ವ್ಯಾಯಾಮದಲ್ಲೂ ಹಟ ಬೇಡ. ಪೋಲಿಯೊ ಬಂದು 15 ವರ್ಷ, ಇನ್ನೂ ಹೆಚ್ಚು ವರ್ಷಗಳಾದ ಮೇಲೆ ಕೆಲವರಿಗೆ ಹೊಸದಾಗಿ ನಿಶ್ಶಕ್ತಿ, ಸುಸ್ತು ಬರುತ್ತದೆ. ಇದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಅಂತಾರೆ. ಅಳಿದುಳಿದ ಸ್ನಾಯುವನ್ನು ದಣಿಸಿದರೆ ಅದೂ ಸೋಲುತ್ತದೆ. ಸ್ವಲ್ಪ ಮಾಡಿ, ವಿಶ್ರಾಂತಿ ಪಡೆಯಿರಿ, ಮತ್ತೆ ಸ್ವಲ್ಪ ಮಾಡಿ. "ಪಕ್ಕದ ಮನೆಯಾಕಿ ತಿಂಗಳಿಗೇ ಓಡಾಡಿದಳು" ಎಂದು ಹೋಲಿಸುವ ಅತ್ತೆ, ಗಂಡಂದಿರಿಗೂ ಇದನ್ನು ಓದಿ ಹೇಳಿ. ಆಕೆಗೆ ಪೋಲಿಯೊ ಬಂದಿರಲಿಲ್ಲ.

ನೋವು ಸಹಿಸುವುದೇ ಹೆಂಗಸಿನ ಗುಣ ಅಂದುಕೊಂಡು ಕೂರಬೇಡಿ. ಹಾಗೆಂದು ಅವಸರವೂ ಬೇಡ. ಕೋಲು ಹಿಡಿದರೆ, ಅಟ್ಟೆ ಎತ್ತರಿಸಿದರೆ, ತೂಕ ಇಳಿಸಿದರೆ ಎಷ್ಟೋ ಜನರಿಗೆ ಇನ್ನೂ ಕೆಲವು ವರ್ಷ ಹಾಯಾಗಿ ಕಳೆಯುತ್ತದೆ. ರಾತ್ರಿ ನಿದ್ದೆಯೂ ಬಾರದಷ್ಟು ನೋವಾದಾಗ, ಮನೆಯೊಳಗೆ ಓಡಾಡುವುದೂ ಕಷ್ಟವಾದಾಗ ಆಪರೇಷನ್ ಬಗ್ಗೆ ಮಾತಾಡಿ. ಬಿದ್ದು ಮೂಳೆ ಮುರಿದಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಉಳಿದಂತೆ, ಮೇಲಿನ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರ ಸಿಗುವವರೆಗೆ ಎದ್ದು ಬರಬೇಡಿ, ಆಯ್ತಾ?