ಬಿರುಕು ಬಿಟ್ಟ ಗುಡ್ಡ ಮತ್ತು ಅಂಗೈಯಗಲದ ಜಿ.ಪಿ.ಎಸ್.

2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ವಯನಾಡಿನ ಪುತ್ತುಮಲೆ, 2024ರ ಜುಲೈ 30ರಂದು ಅಲ್ಲಿಗೆ ಸಮೀಪದ ಮುಂಡಕ್ಕೈ, ಚೂರಲ್‌ಮಲೆ. ಗುಡ್ಡ ಜರಿದ ಸುದ್ದಿ ನಮಗೆ ಹೊಸತಲ್ಲ. ನೆಲದ ಇಳಿಜಾರು, ಬಿರುಕು, ತೊರೆಯ ಹಾದಿ ಇವುಗಳ ಅಭ್ಯಾಸಕ್ಕೆ ಭೂರೂಪವಿಜ್ಞಾನವೆಂದು ಹೆಸರು. ಆ ಕೆಲಸಕ್ಕೆ ಬರುವವರ ಕೈಯಲ್ಲಿ ಒಂದು ಪುಟ್ಟ ಯಂತ್ರವಿರುತ್ತದೆ. ಅದೇ ಜಿ.ಪಿ.ಎಸ್. ಅದು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ಈಗ ತಿಳಿಯೋಣ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತ ಕಳುಹಿಸುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಸಮಯದಿಂದ ಯಂತ್ರವು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ ಮೂರೂ ದೊರೆಯುತ್ತವೆ. ಅಮೆರಿಕ ಸರ್ಕಾರ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅದಕ್ಕೆ ಮೊದಲು ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಈಗ ಬಯಲಿನಲ್ಲಿ ಮೂರರಿಂದ ಹತ್ತು ಮೀಟರ್. ಎತ್ತರದ ಲೆಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು.

ಬಿರುಕಿನ ಎರಡು ತುದಿ, ನಡುವಿನ ತಿರುವು, ಕೆಳಗಿನ ಒರತೆ, ಹತ್ತಿರದ ಮನೆ, ಒಂದೊಂದನ್ನೂ ಗುರುತು ಹಾಕಿಕೊಳ್ಳಬೇಕು. ಪ್ರತಿಯೊಂದು ಕಡೆಯೂ ಒಂದೆರಡು ನಿಮಿಷ ಅಲುಗಾಡದೆ ನಿಲ್ಲಿರಿ. ದಟ್ಟವಾದ ಮರಗಳ ಕೆಳಗೆ, ಕಡಿದಾದ ಬರೆಯ ಪಕ್ಕದಲ್ಲಿ ಸಂಕೇತ ಕೆಡುತ್ತದೆ. ಆಗ ಬಯಲಿಗೆ ಬಂದು ಗುರುತು ಹಾಕಿ, ಅಲ್ಲಿಂದ ಟೇಪು ಹಿಡಿದು ಅಳೆಯಿರಿ. ಅಂಕಿಗಳನ್ನು ಪುಸ್ತಕದಲ್ಲಿಯೂ ಬರೆಯಿರಿ. ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ಅಂಕಿ ತಪ್ಪಿದರೆ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ. ಅಕ್ಷಾಂಶದಲ್ಲಿ ದಶಮಾಂಶದ ಮೂರನೆಯ ಅಂಕಿ ಒಂದು ಹೆಚ್ಚಾದರೆ ಗುರುತು ಸುಮಾರು 110 ಮೀಟರ್ ದೂರ ಸರಿಯುತ್ತದೆ.

"ಮೇಲಿನ ತೋಟದ ಹಿಂದೆ" ಎಂದರೆ ಹೊರಗಿನಿಂದ ಬಂದ ಅಧಿಕಾರಿಗೆ ಏನು ತಿಳಿದೀತು? ಈ ಅಂಕಿಗಳನ್ನು ಕೊಟ್ಟರೆ, ಅವರ ಭಾಷೆ ಯಾವುದೇ ಇರಲಿ, ನೇರವಾಗಿ ಆ ಸ್ಥಳಕ್ಕೇ ಬರುತ್ತಾರೆ.

ಆದರೆ ಮುಖ್ಯವಾದ ಮಾತು ಇದು. ಬಿರುಕು ಈ ವಾರ ಎರಡು ಬೆರಳು, ಮುಂದಿನ ವಾರ ಮೂರು ಬೆರಳು ಅಗಲವಾದರೆ ಈ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಗುರುತು ಎರಡು ಮೀಟರ್ ಸರಿದಂತೆ ತೋರಿದರೆ ಗುಡ್ಡವೇ ಸರಿಯಿತೆಂದು ಹೆದರಬೇಡಿ. ಸರಿದಂತೆ ತೋರದಿದ್ದರೆ ಕ್ಷೇಮವೆಂದು ಸುಮ್ಮನಿರಲೂ ಬೇಡಿ. ಮಳೆ ಬಿಟ್ಟಾಗ ಬಿರುಕಿನ ಆಚೆ ಈಚೆ ಒಂದೊಂದು ಗೂಟ ನೆಟ್ಟು, ತಲೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಅಳೆದು ತಾರೀಕು ಹಾಕಿ ಬರೆದಿಡಿ. ಎಲ್ಲಿ ಎಂಬುದಕ್ಕೆ ಯಂತ್ರ, ಎಷ್ಟು ಎಂಬುದಕ್ಕೆ ಗೂಟ ಮತ್ತು ಟೇಪು.

ಅಳತೆ ಹೆಚ್ಚುತ್ತಿದ್ದರೆ ಕೂಡಲೇ ಪಂಚಾಯತಿಗೆ ತಿಳಿಸಿರಿ. ಜಡಿಮಳೆಯಲ್ಲಿ ಮಾತ್ರ ಅಳೆಯಲು ಗುಡ್ಡ ಹತ್ತಬೇಡಿ. ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ಇಳಿದುಹೋದರೆ ಯಾವ ಯಂತ್ರವನ್ನೂ ಕೇಳುತ್ತ ಕೂರಬೇಡಿ. ಮನೆಮಂದಿಯೊಡನೆ ತೊರೆಯ ಹಾದಿ ಬಿಟ್ಟು ದೂರದ ಸುರಕ್ಷಿತ ಜಾಗಕ್ಕೆ ಹೊರಡಿರಿ.