ಕಾವೇರಿಗೆ ಕಾವೇರಿಯದೇ ಮೀನು

ಹೊಳೆಯಲ್ಲಿ ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು ಎನ್ನುತ್ತಾರೆ ವಿದ್ಯಾರ್ಥಿಗಳು. ಕಾವೇರಿಯಲ್ಲಿ ಹಾಗೆ ಮಾಡಿದಾಗ ಆದದ್ದನ್ನು ನೋಡಿ.

ಬೆನ್ನ ಮೇಲೆ ಡುಬ್ಬವಿರುವ, ಕಿತ್ತಳೆ ಬಣ್ಣದ ರೆಕ್ಕೆಗಳ ಮಹಶೀರ್ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ಇತ್ತು. ನಿಮ್ಮಲ್ಲಿ ಹಲವರಿಗಿಂತ ಭಾರ!

ಮಹಶೀರ್ ಕಡಿಮೆಯಾಯಿತೆಂದು ನದಿಗೆ ಬಿಟ್ಟದ್ದು ಲೋನಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು. ಅದು ಕೃಷ್ಣಾ ಕಣಿವೆಯ ಮೀನು; ಕತ್ತಲಗೆರೆಯ ಗದ್ದೆಗಳಿಗೆ ನೀರುಣಿಸುವ ಭದ್ರೆಯೂ ಕೊನೆಗೆ ಸೇರುವುದು ಆ ಕೃಷ್ಣೆಯನ್ನೇ. ಉದ್ದೇಶ ಒಳ್ಳೆಯದೇ ಇತ್ತು. ಆದರೆ 1998ರಿಂದ 2012ರವರೆಗಿನ ಗಾಳದ ದಾಖಲೆಗಳಲ್ಲಿ ನೀಲಿ ರೆಕ್ಕೆಯದು ಏರುತ್ತಾ, ಡುಬ್ಬದ್ದು ಇಳಿಯುತ್ತಾ ಹೋಯಿತು. ತಿನಿಸು, ತಾವು ಎರಡಕ್ಕೂ ಪೈಪೋಟಿ.

ಸೋಜಿಗವೆಂದರೆ, ಇಷ್ಟು ಪ್ರಸಿದ್ಧ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ! ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರೇ ಗೊತ್ತಿಲ್ಲದ್ದನ್ನು ಕಾಯುವುದು ಹೇಗೆ?

ಇನ್ನು ಮರಿ ಬಿಡುವುದಾದರೆ ತಾಯಿಮೀನು ಕಾವೇರಿ ಕೊಳ್ಳದ್ದೇ ಆಗಬೇಕು. ಮೋಯಾರ್ ಹೊಳೆಯಲ್ಲಿ ಅಂಥವು ಉಳಿದಿವೆ. ಶೃಂಗೇರಿಯ ತುಂಗೆಯ ಮೀನನ್ನು ಭಕ್ತಿಯಿಂದಲೇ ಒಯ್ದು ಅಲ್ಲಿ ಬಿಟ್ಟರೂ ಕೆಲಸ ಕೆಟ್ಟಂತೆಯೇ.