ತಾಲೂಕಿನಿಂದ ದೇಶದ ತಂಡದವರೆಗೆ: ಬೆಳೆಯುವ ಆಟಗಾರರನ್ನು ಅಳೆಯುವುದು ಹೇಗೆ?



ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ ಒಬ್ಬ ಗೆಳೆಯನೋ ಗೆಳತಿಯೋ ನಿಮ್ಮ ಶಾಲೆಯಲ್ಲಿ ಇದ್ದೇ ಇರುತ್ತಾರೆ. "ಇವನು ಮುಂದೆ ದೇಶಕ್ಕೆ ಆಡುತ್ತಾನೆ ನೋಡಿ" ಎಂದು ಊರೆಲ್ಲ ಹೇಳುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಹೆಸರು ಜಿಲ್ಲಾ ತಂಡದ ಪಟ್ಟಿಯಲ್ಲೂ ಕಾಣುವುದಿಲ್ಲ. ಅದೇ ಹೊತ್ತಿಗೆ, ಯಾರೂ ಅಷ್ಟಾಗಿ ಗಮನಿಸದಿದ್ದ ಹುಡುಗಿಯೊಬ್ಬಳು ರಾಜ್ಯ ತಂಡಕ್ಕೆ ಆಯ್ಕೆಯಾಗಿರುತ್ತಾಳೆ. ಇದು ಬರೀ ಅದೃಷ್ಟದ ಆಟವೇ? ಅಥವಾ ಬೆಳೆಯುವ ಆಟಗಾರರನ್ನು ಅಳೆಯುವುದಕ್ಕೆ ಏನಾದರೂ ಕ್ರಮವಿದೆಯೇ? ಕ್ರಮವಿದೆ. ಅದನ್ನು ತಿಳಿಯಲು ದೊಡ್ಡ ಗಣಿತ ಬೇಕಿಲ್ಲ, ಸರಿಯಾದ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೇಕು.

ಮೊದಲು ಏಣಿಯನ್ನು ನೋಡೋಣ. ನಮ್ಮ ಶಾಲಾ ಕ್ರೀಡೆಗಳಲ್ಲಿ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ ಎಂಬ ಮೆಟ್ಟಿಲುಗಳಿವೆ. ವಿಜಯಪುರ ತಾಲೂಕಿನ ಭಾಗವಾಗಿದ್ದ ತಿಕೋಟಾ ಮತ್ತು ಬಬಲೇಶ್ವರ ಈಗ ಪ್ರತ್ಯೇಕ ತಾಲೂಕುಗಳಾಗಿವೆ. ಅಲ್ಲಿನ ಹಳ್ಳಿಯ ಹುಡುಗನೊಬ್ಬ ಮೇಲೇರಬೇಕಾದರೆ ವಿಜಯಪುರ ನಗರದ ಮೈದಾನಕ್ಕೆ ಬರಬೇಕು. ಅಲ್ಲಿ ಗೆದ್ದರೆ ಬೆಳಗಾವಿ ವಿಭಾಗದ ಸ್ಪರ್ಧೆ, ಅಲ್ಲೂ ಗೆದ್ದರೆ ರಾಜ್ಯಮಟ್ಟ. ಪ್ರತಿ ಮೆಟ್ಟಿಲಿನಲ್ಲೂ ಆಟದ ನಿಯಮ ಅದೇ, ಚೆಂಡೂ ಅದೇ. ಬದಲಾಗುವುದು ಎದುರಾಳಿ ಮಾತ್ರ. ನಮ್ಮ ಮೊದಲ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ.

ಯಾರ ಎದುರು?

ತಾಲೂಕು ಪಂದ್ಯದ 50 ಓಟವೂ ರಾಜ್ಯಮಟ್ಟದ 50 ಓಟವೂ ಕಾಗದದ ಮೇಲೆ ಒಂದೇ ಅಂಕಿ. ಅವುಗಳ ಬೆಲೆ ಮಾತ್ರ ಬೇರೆ ಬೇರೆ. ಹಾಗಾದರೆ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಹೇಗೆ?

ಉತ್ತರ ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಅಭ್ಯಾಸಿಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಅಲ್ಲಿ ಅತ್ಯುನ್ನತ ಸ್ಪರ್ಧೆ ನ್ಯಾಷನಲ್ ಹಾಕಿ ಲೀಗ್. ಅದರ ಕೆಳಗಿನ ಮೆಟ್ಟಿಲು ಅಮೆರಿಕನ್ ಹಾಕಿ ಲೀಗ್. ಗೋಲು ಹೊಡೆದವನಿಗೂ ಗೋಲಿಗೆ ನೆರವಾದವನಿಗೂ ಅಲ್ಲಿ ಒಂದೊಂದು ಅಂಕ. ಕೆಳಗಿನ ಲೀಗಿನಿಂದ ಮೇಲಿನದಕ್ಕೆ ಹೋದ ಆಟಗಾರರ ಪಟ್ಟಿ ಮಾಡಿ, ಅದೇ ಆಟಗಾರ ಕೆಳಗೆ ಪಂದ್ಯಕ್ಕೆ ಎಷ್ಟು ಅಂಕ ಗಳಿಸುತ್ತಿದ್ದ, ಮೇಲೆ ಎಷ್ಟು ಗಳಿಸಿದ ಎಂದು ಹೋಲಿಸುತ್ತಾರೆ. ಹೀಗೆ ದೊರೆಯುವ ಗುಣಕ ಸುಮಾರು ಅರ್ಧ, ಕೆಲವು ಲೆಕ್ಕಗಳಲ್ಲಿ ಅದಕ್ಕೂ ಕಡಿಮೆ. ಅಂದರೆ ಕೆಳಗೆ 60 ಅಂಕ ಗಳಿಸಿದವನು ಅಷ್ಟೇ ಪಂದ್ಯಗಳಲ್ಲಿ ಮೇಲೆ 30 ಗಳಿಸಿದರೆ ಅವನು ಕುಸಿದಿದ್ದಾನೆ ಎಂದು ತಿಳಿಯಬಾರದು. ಅವನು ತನ್ನ ಮಟ್ಟವನ್ನು ಉಳಿಸಿಕೊಂಡಿದ್ದಾನೆ ಎಂದೇ ಅರ್ಥ.

ಈ ಲೆಕ್ಕವನ್ನು ನೀವೂ ನಿಮ್ಮ ಶಾಲೆಯಲ್ಲಿ ಮಾಡಬಹುದು. ತಾಲೂಕಿನಲ್ಲೂ ಜಿಲ್ಲೆಯಲ್ಲೂ ಆಡಿದ ಹತ್ತಾರು ಹಿರಿಯ ವಿದ್ಯಾರ್ಥಿಗಳ ಅಂಕಿಗಳು ಸಿಕ್ಕರೆ ಸಾಕು. ಸೈಕಲ್ ಸ್ಪರ್ಧೆಗೆ ಹೆಸರಾದ ವಿಜಯಪುರದವರಿಗೆ ಇನ್ನೊಂದು ಅನುಕೂಲವಿದೆ. ಒಬ್ಬೊಬ್ಬರೇ ಓಡಿಸುವ ಸೈಕಲ್ ಸ್ಪರ್ಧೆಯಲ್ಲಿ ಅಳೆಯುವುದು ಗಡಿಯಾರ. ಎದುರಾಳಿ ದುರ್ಬಲನೆಂದು ಗಡಿಯಾರ ನಿಧಾನವಾಗಿ ಓಡುವುದಿಲ್ಲ. ಆದರೂ ಎದುರುಗಾಳಿ, ರಸ್ತೆಯ ಏರು, ಬಿಸಿಲು ಇವುಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಎಷ್ಟು ಸಲ?

ಎರಡನೆಯ ಪ್ರಶ್ನೆಗೆ ಒಂದು ನಾಣ್ಯ ತೆಗೆದುಕೊಳ್ಳಿ. 60 ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರೂ 10 ಸಲ ನಾಣ್ಯ ಚಿಮ್ಮಲಿ. 7 ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವವರು ಸುಮಾರು 10 ಮಂದಿ ಸಿಗುತ್ತಾರೆ. ಅವರನ್ನು ನಾಣ್ಯ ಚಿಮ್ಮುವುದರಲ್ಲಿ ಪ್ರತಿಭಾವಂತರು ಎನ್ನುತ್ತೀರಾ? ಇಲ್ಲ. ಅದೇ 100 ಸಲ ಚಿಮ್ಮಿ 70 ಸಲ ತಲೆ ಬೀಳಿಸುವವರು ಸುಮಾರು 25 ಸಾವಿರಕ್ಕೆ ಒಬ್ಬರು. ಅಂಥವರು ಸಿಕ್ಕರೆ ನಾಣ್ಯವನ್ನೇ ಪರೀಕ್ಷಿಸಬೇಕಾಗುತ್ತದೆ. ಕೆಲವೇ ಪಂದ್ಯಗಳ ಅಂಕಿಯಲ್ಲಿ ಅದೃಷ್ಟದ ಪಾಲು ಹೆಚ್ಚು. ಪಂದ್ಯಗಳು ಹೆಚ್ಚಾದಂತೆ ಆ ಪಾಲು ಕರಗಿ ಸಾಮರ್ಥ್ಯ ಉಳಿಯುತ್ತದೆ.

ಕರ್ನಾಟಕದ ಕರುಣ್ ನಾಯರ್ ಅವರ ಅಂಕಿಗಳು ಇದಕ್ಕೆ ಒಳ್ಳೆಯ ಪಾಠ. ಡಿಸೆಂಬರ್ 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ಔಟಾಗದೆ 303 ಓಟ ಗಳಿಸಿದರು. ಅದು ಅವರ ಮೂರನೆಯ ಟೆಸ್ಟ್. 2017ರವರೆಗೆ ಅವರು ಆಡಿದ್ದು ಒಟ್ಟು 7 ಇನಿಂಗ್ಸ್, ಗಳಿಸಿದ್ದು 374 ಓಟ, ಸರಾಸರಿ 62ಕ್ಕೂ ಹೆಚ್ಚು. ಆ ಒಂದು ಇನಿಂಗ್ಸ್ ಬದಿಗಿಟ್ಟರೆ ಉಳಿದ ಆರರಲ್ಲಿ 71 ಓಟ. ಇಷ್ಟು ಕಡಿಮೆ ಇನಿಂಗ್ಸ್‌ಗಳಿಂದ ಅವರನ್ನು ಆಕಾಶಕ್ಕೇರಿಸುವುದು ಎಷ್ಟು ತಪ್ಪೋ, ಕೈಬಿಡುವುದೂ ಅಷ್ಟೇ ತಪ್ಪು. ಮುಂದೆ 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭದ ಪರ ಅವರು 779 ಓಟ ಹೊಡೆದರು, ಔಟಾದದ್ದು ಎರಡೇ ಸಲ. ಅದೇ ಆಟಗಾರ 2025ರಲ್ಲಿ ಇಂಗ್ಲೆಂಡಿನಲ್ಲಿ 8 ಟೆಸ್ಟ್ ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 205 ಓಟ. ಆಟದ ರೂಪ ಬೇರೆ, ನೆಲ ಬೇರೆ, ಬೌಲರುಗಳು ಬೇರೆ. ಮೇಲಿನ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಯಾವ ವಯಸ್ಸಿನಲ್ಲಿ?

ಹದಿನಾಲ್ಕರ ಹುಡುಗನಿಗೆ ಹನ್ನೊಂದು ತಿಂಗಳೆಂದರೆ ಬಾಳಿನ ಸುಮಾರು ಹದಿನೈದನೇ ಒಂದು ಭಾಗ. ಅಷ್ಟರಲ್ಲಿ ಎತ್ತರ, ತೂಕ, ತೋಳಿನ ಬಲ ಎಲ್ಲವೂ ಬದಲಾಗುತ್ತವೆ. ಕೆನಡಾದ ಹಾಕಿಯಲ್ಲಿ ವಯೋಮಿತಿಯನ್ನು ಜನವರಿ 1ರಿಂದ ಎಣಿಸುತ್ತಿದ್ದರು. ಅಲ್ಲಿನ ಉನ್ನತ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದಾರೆ ಎಂಬುದನ್ನು 1985ರಲ್ಲಿ ಸಂಶೋಧಕರು ತೋರಿಸಿದರು. ಜನವರಿಯಲ್ಲಿ ಹುಟ್ಟಿದ ಮಕ್ಕಳಿಗೆ ಹೆಚ್ಚಿನ ಪ್ರತಿಭೆ ಇರಲು ಕಾರಣವೇನೂ ಇಲ್ಲ. ಚಿಕ್ಕಂದಿನಲ್ಲಿ ಅವರು ತಮ್ಮ ಗುಂಪಿನವರಿಗಿಂತ ಕೆಲವು ತಿಂಗಳು ದೊಡ್ಡವರು, ಅಷ್ಟೆ. ದೊಡ್ಡವರಾದ್ದರಿಂದ ಆಯ್ಕೆಯಾದರು, ಆಯ್ಕೆಯಾದ್ದರಿಂದ ಒಳ್ಳೆಯ ತರಬೇತಿ ಪಡೆದರು, ತರಬೇತಿಯಿಂದ ನಿಜವಾಗಿಯೂ ಉತ್ತಮರಾದರು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಿಳಿಯದಿದ್ದರೆ ಜೂನ್ 1 ಎಂದು ಬರೆಸುವ ವಾಡಿಕೆಯಿತ್ತು. ಕಾಗದದ ವಯಸ್ಸೂ ದೇಹದ ವಯಸ್ಸೂ ಹೊಂದದಿದ್ದರೆ ಅಳತೆಯೇ ಕೆಡುತ್ತದೆ. ಕ್ರಿಕೆಟ್ ಮಂಡಳಿಯವರು ಕಿರಿಯರ ಕೈಮಣಿಕಟ್ಟಿನ ಮೂಳೆಗಳ ಎಕ್ಸ್‌ರೇ ತೆಗೆದು ವಯಸ್ಸನ್ನು ಅಂದಾಜು ಮಾಡುವುದು ಇದಕ್ಕಾಗಿಯೇ. ಆದ್ದರಿಂದ ತರಗತಿಯಲ್ಲೇ ಎತ್ತರದ ವೇಗದ ಬೌಲರ್ ಹತ್ತು ವಿಕೆಟ್ ಪಡೆದನೆಂದರೆ ಕೇಳಿ: ಅವನು ಗೆದ್ದದ್ದು ಕೌಶಲದಿಂದಲೋ, ಬೇಗ ಬಂದ ಬೆಳವಣಿಗೆಯಿಂದಲೋ? ಉಳಿದವರು ಅವನಷ್ಟೇ ಎತ್ತರವಾದಾಗ ಅವನ ಬಳಿ ಏನು ಉಳಿಯುತ್ತದೆ?

ಯಾವ ಕಡೆಗೆ, ಯಾವ ವೇಗದಲ್ಲಿ?

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಆಟಗಾರ ಇಂದು ಎಲ್ಲಿ ನಿಂತಿದ್ದಾನೆ ಎನ್ನುವುದಕ್ಕಿಂತ ಯಾವ ವೇಗದಲ್ಲಿ ಮೇಲೇರುತ್ತಿದ್ದಾನೆ ಎನ್ನುವುದನ್ನು ನೋಡಬೇಕು. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಮಾತು ಹೊಸದಲ್ಲ. ಅವರು ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುತ್ತಾರೆ. ಏಪ್ರಿಲ್‌ನ ಚಾಟನಿಯ ನಂತರ ಬಳ್ಳಿ ಚಿಗುರುತ್ತದೆಯೇ ಹೊರತು ಫಸಲು ಕೊಡುವುದಿಲ್ಲ. ಆದರೆ ಮುಂದಿನ ಗೊನೆಯ ಮೊಳಕೆ ಕಡ್ಡಿಯ ಕಣ್ಣಿನೊಳಗೆ ರೂಪುಗೊಳ್ಳುವುದು ಆ ತಿಂಗಳುಗಳಲ್ಲಿಯೇ. ಅಕ್ಟೋಬರ್ ಚಾಟನಿಗೆ ಮುಂಚೆ ಕೆಲವು ಬೆಳೆಗಾರರು ಕಡ್ಡಿಯ ಕಣ್ಣುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷೆ ಮಾಡಿಸಿ ಎಷ್ಟನೇ ಕಣ್ಣಿನ ಮೇಲೆ ಕತ್ತರಿಸಬೇಕೆಂದು ತೀರ್ಮಾನಿಸುತ್ತಾರೆ. ಹೊರಗೆ ಹಣ್ಣಿಲ್ಲ, ಒಳಗೆ ಬೆಳವಣಿಗೆ ಇದೆ. ಒಳ್ಳೆಯ ತರಬೇತುದಾರನೂ ಹೀಗೆಯೇ ಒಳಗನ್ನು ನೋಡುತ್ತಾನೆ: ಕಳೆದ ವರ್ಷದ ದೋಷ ಈ ವರ್ಷ ಕಡಿಮೆಯಾಗಿದೆಯೇ? ಮೊದಲ ದಿನ ಸೋತ ಎದುರಾಳಿಯನ್ನು ಮೂರನೆಯ ಸಲ ಹೇಗೆ ಎದುರಿಸಿದ?

ವಿಜಯಪುರ ನಗರದವರೇ ಆದ ಎಡಗೈ ಸ್ಪಿನ್ ಬೌಲರ್ ರಾಜೇಶ್ವರಿ ಗಾಯಕವಾಡ ಅವರ ದಾರಿಯನ್ನು ನೋಡಿ. ಭಾರತದ ಪರ ಅವರ ಮೊದಲ ಏಕದಿನ ಪಂದ್ಯ ಜನವರಿ 2014ರಲ್ಲಿ. 2017ರ ವಿಶ್ವಕಪ್‌ನ ಮೊದಲ ಆರು ಪಂದ್ಯಗಳಲ್ಲಿ ಅವರಿಗೆ ಆಡುವ ಅವಕಾಶ ದೊರೆಯಲಿಲ್ಲ. ಸೆಮಿಫೈನಲ್ ತಲುಪಲು ಗೆಲ್ಲಲೇಬೇಕಾಗಿದ್ದ ಏಳನೆಯ ಪಂದ್ಯ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆಯಿತು. ಅಲ್ಲಿ ಅವರು 15 ಓಟ ಕೊಟ್ಟು 5 ವಿಕೆಟ್ ಪಡೆದರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು, ಭಾರತ 186 ಓಟಗಳಿಂದ ಗೆದ್ದಿತು. ಒಂದೇ ಪಂದ್ಯವನ್ನು ನೋಡಿ ತೀರ್ಮಾನಿಸಬಾರದೆಂದು ಈಗಷ್ಟೇ ಹೇಳಿದೆವಲ್ಲ? ಆದ್ದರಿಂದ ಮುಂದೆಯೂ ನೋಡೋಣ. ಸುಮಾರು ಐದು ವರ್ಷಗಳ ನಂತರ, ಮಾರ್ಚ್ 2022ರಲ್ಲಿ, ಇನ್ನೊಂದು ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅವರು 31 ಓಟಕ್ಕೆ 4 ವಿಕೆಟ್ ಪಡೆದರು. ಆರು ಪಂದ್ಯ ಹೊರಗೆ ಕುಳಿತಿದ್ದರೂ ಸಿದ್ಧತೆ ನಿಲ್ಲಿಸದಿರುವುದು, ವರ್ಷಗಳು ಕಳೆದರೂ ಉನ್ನತ ಮಟ್ಟದಲ್ಲಿ ಅದನ್ನು ಮತ್ತೆ ಮಾಡಿ ತೋರಿಸುವುದು, ಇವೇ ನಂಬಬಹುದಾದ ಸಾಕ್ಷ್ಯಗಳು.

ಲೆಕ್ಕಕ್ಕೆ ಸಿಗದವರು

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಒಂದು ಎಚ್ಚರಿಕೆ. ನಾವು ಹೋಲಿಸುವುದು ಮೇಲಿನ ಮೆಟ್ಟಿಲಿಗೆ ಹೋದವರ ಅಂಕಿಗಳನ್ನು ಮಾತ್ರ. ಹೋಗದವರಿಗೆ ಅಂಕಿಯೇ ಇಲ್ಲ. ಬೆಳಗಿನ ಆಯ್ಕೆ ಶಿಬಿರಕ್ಕೆ ಹಳ್ಳಿಯಿಂದ ಬಸ್ಸು ಸಿಗದವನು, ಬೂಟು ಕೊಳ್ಳಲಾಗದವನು, "ಹುಡುಗಿಗೆ ಆಟವೇಕೆ" ಎಂದು ಮನೆಯಲ್ಲಿ ತಡೆದವಳು, ಇವರೆಲ್ಲ ಪಟ್ಟಿಯಿಂದಲೇ ಹೊರಗುಳಿಯುತ್ತಾರೆ. ಅಂಕಿಯಿಲ್ಲ ಎಂದರೆ ಪ್ರತಿಭೆಯಿಲ್ಲ ಎಂದಲ್ಲ, ಅಳತೆಯೇ ನಡೆದಿಲ್ಲ ಎಂದರ್ಥ. ಆಯ್ಕೆ ಮಾಡುವವರು ತಿಕೋಟಾಕ್ಕೂ ಬಬಲೇಶ್ವರಕ್ಕೂ ಹೋಗಿ ನೋಡಿದಾಗ ಮಾತ್ರ ಆ ಪಟ್ಟಿ ಪೂರ್ಣವಾಗುತ್ತದೆ.

ದೂರದರ್ಶನದ ಪರದೆಯನ್ನೂ ಪೂರ್ತಿ ನಂಬಬೇಡಿ. ಒಂದು ದಿನದ ಆಟದಿಂದ ನಾವು ಆರಿಸಿ ತೋರಿಸುವುದು ಎರಡು ನಿಮಿಷದ ದೃಶ್ಯ. ಬಿದ್ದ ವಿಕೆಟ್ ಅದರಲ್ಲಿರುತ್ತದೆ. ಅದಕ್ಕೆ ಮುಂಚಿನ ನಾಲ್ಕು ಓವರ್‌ಗಳ ಬಿಗಿ ಬೌಲಿಂಗ್ ಇರುವುದಿಲ್ಲ. ಆಟಗಾರನನ್ನು ಅಳೆಯಬೇಕೆಂದರೆ ಇಡೀ ದಿನದ ಆಟವನ್ನು ನೋಡಬೇಕು.

ನಿಮ್ಮಲ್ಲಿ ಯಾರಾದರೂ ಆಟದಲ್ಲಿ ಮುಂದುವರಿಯಬೇಕೆಂದಿದ್ದರೆ ಇಂದೇ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಪ್ರತಿ ಪಂದ್ಯದ ನಂತರ ದಿನಾಂಕ, ಎದುರಾಳಿ ತಂಡದ ಮಟ್ಟ, ನಿಮ್ಮ ಗಳಿಕೆ, ತಿದ್ದಿಕೊಳ್ಳಬೇಕಾದ ಒಂದು ದೋಷ, ಇಷ್ಟನ್ನು ಬರೆದಿಡಿ. ಒಂದು ಸೋಲಿಗೆ ಆಟ ಬಿಡಬೇಡಿ, ಒಂದು ಬಹುಮಾನಕ್ಕೆ ಓದು ಬಿಡಬೇಡಿ. ಎರಡು ವರ್ಷ ಬರೆದ ಮೇಲೆ ಗಟ್ಟಿಯಾದ ಎದುರಾಳಿಗಳ ಮುಂದೆ ನಿಮ್ಮ ಅಂಕಿಗಳು ಏರುತ್ತಿವೆಯೋ ಇಳಿಯುತ್ತಿವೆಯೋ ನೋಡಿ. ಆ ಪುಟಗಳನ್ನು ನಿಮ್ಮ ದೈಹಿಕ ಶಿಕ್ಷಕರಿಗೂ ಮನೆಯವರಿಗೂ ತೋರಿಸಿ. ಮುಂದಿನ ದಾರಿಯನ್ನು ಅವರೊಡನೆ ಕುಳಿತು ತೀರ್ಮಾನಿಸಲು ಊರಿನವರ ಹೊಗಳಿಕೆಗಿಂತ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.